ಟ್ಯೂಬಿಂಗನ್‌ಗೆ ಹೋದ ಕಂಬಳಿ

ಚೀಲದಲ್ಲಿ ಕಂಬಳಿಗೆ ಜಾಗವಿರಲಿಲ್ಲ. ಅವ್ವ ಕೇಳಲಿಲ್ಲ. ಸೊಕ್ಕೆಯ ನಮ್ಮ ಮನೆಯ ಪಡಸಾಲೆಯಲ್ಲಿ, ಬೆನ್ನಿಗೆ ಹಾಕಿಕೊಳ್ಳುವ ಎರಡು ದೊಡ್ಡ ಚೀಲಗಳನ್ನು ಬಿಚ್ಚಿಟ್ಟುಕೊಂಡು ನಾನೂ ಇವರೂ ಬಟ್ಟೆ ಸುರುಳಿ ಸುತ್ತಿ ತುಂಬುತ್ತಿದ್ದೆವು. ಅವ್ವ ಒಳಗಿನಿಂದ ಅಪ್ಪನ ಕರಿ ಕಂಬಳಿ ತಂದು ಎಲ್ಲದರ ಮೇಲಿಟ್ಟಳು. ಚಳ್ಳಕೆರೆಯಲ್ಲಿ ಕೊಂಡದ್ದು. ಶೇಂಗಾ ಕಾಯುವ ರಾತ್ರಿಗಳಲ್ಲಿ ಅಪ್ಪ ಅದನ್ನೇ ಹಾಸಿ ಅದನ್ನೇ ಹೊದೆಯುತ್ತಿದ್ದ. ಅಪ್ಪ ಹೋದ ಮೇಲೆ ಅದು ಟ್ರಂಕಿನಿಂದ ಹೊರಗೆ ಬಂದದ್ದು ಆವತ್ತೇ.

"ಅಲ್ಲಿ ಥಂಡಿ ಅಂತ ನೀವ ಅಂದ್ರಿ. ಥಂಡಿಗೆ ಇದಕ್ಕಿಂತ ಏನೈತಿ?"

ತೂಗಿ ನೋಡಿದರೆ ಎರಡು ಕಿಲೋ ಮೇಲಿತ್ತು. ಇವರು ತಮ್ಮ ಎರಡು ಪ್ಯಾಂಟು, ಒಂದು ಸ್ವೆಟರ್ ತೆಗೆದು ಆ ಜಾಗದಲ್ಲಿ ಕಂಬಳಿ ಇಟ್ಟರು. ಮಿಕ್ಕ ಮೂಲೆಗಳಲ್ಲಿ ಬುತ್ತಿ ಸೇರಿತು: ಜೋಳದ ಕಟಕ್ ರೊಟ್ಟಿ, ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ.

ಅದು 2023ರ ಡಿಸೆಂಬರ್. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರ್ಕಾರ ಸಾರಿದ ವರ್ಷ. ನಮ್ಮ ಜಗಳೂರು ಸೀಮೆಗೆ ಬರ ಹೊಸದಲ್ಲ. 1997ರಲ್ಲಿ ಹೊಸ ಜಿಲ್ಲೆಯಾದಾಗ ಚಿತ್ರದುರ್ಗದಿಂದ ದಾವಣಗೆರೆಗೆ ಸೇರಿದೆವು, ಮೋಡ ಮಾತ್ರ ಹಳೆಯ ದಾರಿಯಲ್ಲೇ ನಮ್ಮನ್ನು ದಾಟಿಕೊಂಡು ಹೋಗುತ್ತದೆ. ತುಂಗಭದ್ರೆಯ ನೀರನ್ನು ತಾಲ್ಲೂಕಿನ 57 ಕೆರೆಗಳಿಗೆ ಹರಿಸುವ ಯೋಜನೆಯ ಮಾತು ಎಲ್ಲರ ಬಾಯಲ್ಲೂ ಇತ್ತು. ಆದರೆ ಆ ವರ್ಷ ನಮ್ಮ ಮೆಕ್ಕೆಜೋಳ ಮೊಣಕಾಲೆತ್ತರಕ್ಕೆ ಬಂದು ನಿಂತಲ್ಲೇ ಸುಣ್ಣವಾಯಿತು. ಇಂಥ ವರ್ಷದಲ್ಲಿ ದೇಶ ತಿರುಗಲು ಹೋಗುವುದೇ ಎಂದು ನನ್ನ ಮನಸ್ಸು ಹಿಂದೆ ಸರಿದಿತ್ತು. ಐದು ವರ್ಷ ಕೂಡಿಟ್ಟ ದುಡ್ಡು, ಆಗಲೇ ಕಾದಿರಿಸಿದ್ದ ಟಿಕೆಟ್. "ನೀವು ಇಲ್ಲೇ ಕುಂತ್ರೆ ಮಳಿ ಬರ್ತೈತೇನು? ಹೋಗಿ ಬರ್ರಿ" ಎಂದವಳು ಅವ್ವನೇ.

ಬೆನ್ನಿಗೆ ಗಂಟು ಕಟ್ಟಿ ನಡೆಯುವುದು ನನಗೆ ಹೊಸತಲ್ಲ. ಚಿಕ್ಕವಳಿದ್ದಾಗ ಮಾಘದ ಕೊಟ್ಟೂರು ತೇರಿಗೆ ಅಜ್ಜಿಯ ಜೊತೆ ನಡೆದೇ ಹೋದವಳು. ಹೆಗಲಲ್ಲಿ ಬುತ್ತಿ, ಕಂಕುಳಲ್ಲಿ ಹಾಸಿಗೆ, ರಾತ್ರಿಯಾದಲ್ಲಿ ಗುಡಿಯ ಕಟ್ಟೆ. ಈಗಿನವರು ಬ್ಯಾಕ್‌ಪ್ಯಾಕಿಂಗ್ ಎನ್ನುತ್ತಾರೆ. ಊರಿನಲ್ಲಿ ಯಾರಾದರೂ ಎಲ್ಲಿಗೆ, ಹೆಂಗೆ ಎಂದು ಕೇಳಿದರೆ "ಕೊಟ್ಟೂರಿಗೆ ಹೋದಂಗೇ, ಸ್ವಲ್ಪ ದೂರ" ಎಂದು ಅವ್ವ ಹೇಳುತ್ತಿದ್ದಳಂತೆ.

ಎಲ್ಲಿಗೆ ಎಂಬುದನ್ನು ಆರಿಸಿದವರು ಇವರು. ಹೈಸ್ಕೂಲಿನ ಕನ್ನಡ ಮೇಷ್ಟ್ರು. ನಮ್ಮ ಮದುವೆಯಾದ ಹೊಸದರಲ್ಲಿ ಇವರ ಕೋಣೆಯಲ್ಲಿ ನಾನು ಮೊದಲು ಕಂಡದ್ದು ಮರಿಯಪ್ಪ ಭಟ್ಟರು ಪರಿಷ್ಕರಿಸಿ ಮದ್ರಾಸ್ ವಿಶ್ವವಿದ್ಯಾಲಯ ಹೊರತಂದ ಕಿಟೆಲ್ ನಿಘಂಟಿನ ನಾಲ್ಕು ಸಂಪುಟಗಳನ್ನು. ಹಳೆ ಪುಸ್ತಕದಂಗಡಿಯಲ್ಲಿ ಒಂದು ತಿಂಗಳ ಸಂಬಳ ಕೊಟ್ಟು ತಂದವು. ನನ್ನ ಬಾಯಲ್ಲಿ ಯಾವುದೋ ಸೊಕ್ಕೆಯ ಮಾತು ಬಂದರೆ, ಉಣ್ಣುವುದು ಬಿಟ್ಟು ಎದ್ದು ಹೋಗಿ ಆ ಪುಟ ತೆರೆದು, "ಇದೆ ಕಣೇ" ಎಂದು ಕೂಗುತ್ತಿದ್ದರು. ಆ ನಿಘಂಟು ಬರೆದವರು ಕೊನೆಯ ವರ್ಷಗಳನ್ನು ಕಳೆದ ಊರು ನೋಡಬೇಕು ಎಂಬುದು ಇವರ ಆಸೆ. ಫರ್ಡಿನಂಡ್ ಕಿಟೆಲ್ ತೀರಿಕೊಂಡದ್ದು ಜರ್ಮನಿಯ ಟ್ಯೂಬಿಂಗನ್‌ನಲ್ಲಿ, 1903ರ ಡಿಸೆಂಬರ್‌ನಲ್ಲಿ, ಕ್ರಿಸ್‌ಮಸ್‌ಗೆ ಒಂದು ವಾರ ಇರುವಾಗ. ನಾವು ಹೋದ ಡಿಸೆಂಬರ್‌ಗೆ ಸರಿಯಾಗಿ 120 ವರ್ಷ.

ಬಾಸೆಲ್‌ನಿಂದ ಸುರು ಮಾಡಿದೆವು. ಕಿಟೆಲ್ 1850ರಿಂದ 53ರವರೆಗೆ ಕಲಿತದ್ದು ಅಲ್ಲಿನ ಬಾಸೆಲ್ ಮಿಷನ್ನಿನಲ್ಲಿ. ಆ ಮಿಷನ್ನಿನ ಮನೆ ನೋಡಲು ಹೋದೆವು. ಈಗ ಅದರಲ್ಲೊಂದು ಹೋಟೆಲೂ ಇದೆ. ಅಂಗಳದಲ್ಲಿ ನಿಂತು ನೋಡಿದೆವು, ಅಷ್ಟೇ. ನನಗೆ ನೆನಪಾದದ್ದು ನಮ್ಮ ಶಾಲೆಯ ಮಾಡಿನ ಮಂಗಳೂರು ಹೆಂಚು. ಆ ಹೆಂಚಿನ ಕಾರ್ಖಾನೆಯನ್ನು 1865ರಲ್ಲಿ ಮಂಗಳೂರಿನಲ್ಲಿ ಹಾಕಿದವರು ಈ ಮಿಷನ್ನಿನಿಂದ ಹೊರಟವರೇ. ಅಲ್ಲಿಂದ ಆಗ ತಿಂಗಳಿಗೆ 49 ಯೂರೋ ಇದ್ದ ಟಿಕೆಟ್ ಹಿಡಿದು, ನಿಧಾನದ ರೈಲುಗಳಲ್ಲಿ ಮಾತ್ರ ಕೂರುತ್ತ, ಇಳಿಯುತ್ತ, ಹತ್ತುತ್ತ ಸ್ಟುಟ್‌ಗಾರ್ಟ್ ಪಕ್ಕದ ಎಸ್‌ಲಿಂಗನ್‌ಗೆ ಬಂದೆವು.

ಎಸ್‌ಲಿಂಗನ್ ಕ್ರಿಸ್‌ಮಸ್ ಸಂತೆಗೆ ಹೆಸರಾದ ಊರು. ಮಧ್ಯಯುಗದ ಉಡುಪು ತೊಟ್ಟ ಕಮ್ಮಾರರು, ಬುಟ್ಟಿ ಹೆಣೆಯುವವರು, ಉಣ್ಣೆಯವರು, ಪಂಜಿನ ಬೆಳಕು, ಬಿಸಿ ದ್ರಾಕ್ಷಾರಸದ ಹಬೆ. ಇವರಿಗೆ ಆ ಊರು ಬೇರೆಯೇ ಕಾರಣಕ್ಕೆ ಬೇಕಾಗಿತ್ತು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರಡಿಸಿದ ಹರ್ಮನ್ ಮೋಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಇಲ್ಲಿಯೇ. 1844ರಲ್ಲಿ ಆ ಪತ್ರಿಕೆ 'ಕನ್ನಡ ಸಮಾಚಾರ'ವಾಗಿ ನಮ್ಮ ಪಕ್ಕದ ಬಳ್ಳಾರಿಗೆ ಬಂತು. ದಾಸರ ಪದ, ಬಸವಪುರಾಣ, ಜೈಮಿನಿ ಭಾರತಗಳನ್ನು ತಾಳೆಗರಿಯಿಂದ ಅಚ್ಚಿಗೆ ತಂದ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಮಾಲೆಯೂ ಅವರದೇ. ಸಂತೆಯ ಗದ್ದಲದಲ್ಲಿ ಇವರು ಒಬ್ಬರೇ ನಿಂತು ಸುತ್ತಲ ಹಳೇ ಮನೆಗಳ ಕಿಟಕಿಗಳನ್ನು ನೋಡುತ್ತಿದ್ದರು. ಯಾವುದೋ ಒಂದು ಕಿಟಕಿಯ ಹಿಂದೆ ದಾಸರ ಪದ ಬಲ್ಲ ಮುದುಕನೊಬ್ಬ ಕುಳಿತಿದ್ದ ಕಾಲವಿತ್ತು ಎಂದುಕೊಂಡಿರಬೇಕು.

ನನ್ನನ್ನು ಉಣ್ಣೆಯಂಗಡಿಯ ಹೆಂಗಸು ಹಿಡಿದು ನಿಲ್ಲಿಸಿದಳು. ಹೆಗಲ ಮೇಲಿನ ಕಂಬಳಿಯನ್ನು ಬೆರಳಲ್ಲಿ ಮುಟ್ಟಿ, ಕೈಸನ್ನೆಯಲ್ಲೇ 'ಕೊಡು' ಎಂದಳು. ಬೆಳಕಿಗೆ ಹಿಡಿದಳು. ಎರಡು ಬೆರಳ ನಡುವೆ ನೂಲು ಹೊಸೆದಳು. ಕೈಯಲ್ಲಿ ನೂತ ನೂಲು, ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಆಮೇಲೆ ಎರಡು ಪಟ್ಟಿ ಸೇರಿಸಿ ಹೊಲಿದ ನಡುಹೊಲಿಗೆಯನ್ನು ಉಗುರಿನಿಂದ ಹುಡುಕಿ, ಸಣ್ಣ ಮಗ್ಗದಲ್ಲಿ ನೇಯ್ದದ್ದು ಎಂದು ಕೈ ಅಗಲಿಸಿ ತೋರಿಸಿದಳು. ಬಣ್ಣ ಹಾಕಿದ್ದೇ ಎಂದು ಕೇಳಿದಳು. ಇಲ್ಲ, ಕುರಿಯೇ ಕಪ್ಪು ಎಂದೆ. ಕೊನೆಗೆ ಮೂಗಿಗೆ ಹಿಡಿದು ಹುಬ್ಬು ಗಂಟಿಕ್ಕಿದಳು. ಅವಳಿಗೆ ಗೊತ್ತಾಗದ ಆ ವಾಸನೆ ಹುಣಸೆಬೀಜದ ಗಂಜಿಯದು. ನಮ್ಮ ಕಡೆ ನೇಯುವವರು ಹಾಸುನೂಲಿಗೆ ಅದನ್ನು ಬಳಿದು ಒಣಗಿಸುತ್ತಾರೆ, ಅದಕ್ಕೇ ಹೊಸ ಕಂಬಳಿ ಅಟ್ಟೆಯಂತೆ ಸೆಟೆದು ನಿಲ್ಲುವುದು. ಹುಣಸೆ ಎಂದರೆ ಏನೆಂದು ಹೇಳುವುದಕ್ಕೆ ನನ್ನ ಇಂಗ್ಲಿಷೂ ಅವಳ ಇಂಗ್ಲಿಷೂ ಸಾಲಲಿಲ್ಲ. ಇವರು ನಾಲಿಗೆ ಚಪ್ಪರಿಸಿ, ಕಣ್ಣು ಕಿರಿದು ಮಾಡಿ ಹುಳಿಯ ಅಭಿನಯ ಮಾಡಿದರು. ಅವಳು ಜೋರಾಗಿ ನಕ್ಕು ಕಂಬಳಿಯನ್ನು ಮಡಿಸಿ, ದೊಡ್ಡವರ ವಸ್ತು ಹಿಂದಿರುಗಿಸುವಂತೆ ಎರಡೂ ಕೈಯಲ್ಲಿ ಕೊಟ್ಟಳು.

ಟ್ಯೂಬಿಂಗನ್‌ಗೆ ನಾವು ಮುಟ್ಟಿದ್ದು 24ರ ಮಧ್ಯಾಹ್ನ ಮೂರಕ್ಕೆ. ಜರ್ಮನ್ನರ ನಿಜವಾದ ಹಬ್ಬ ಅವತ್ತಿನ ಸಂಜೆಯೇ. ಆ ಸಲ 24 ಭಾನುವಾರ ಬಿದ್ದಿತ್ತು. ಭಾನುವಾರ ಅಂಗಡಿ ತೆರೆಯುವುದಿಲ್ಲ. 25, 26 ಎರಡೂ ರಜೆ. ಮೂರು ದಿನ ಊರಿಗೆ ಊರೇ ಬಾಗಿಲು ಹಾಕಿರುತ್ತದೆ ಎಂಬುದು ನಮ್ಮ ತಲೆಗೆ ಹೊಳೆದೇ ಇರಲಿಲ್ಲ. ಹಬ್ಬವೆಂದರೆ ಅಂಗಡಿ ಬೀದಿ ಗಿಜಿಗುಡಬೇಕಲ್ಲವೇ? ಚಿತ್ರಗಳಲ್ಲಿ ನೋಡಿದ ಹಿಮವೂ ಇರಲಿಲ್ಲ. ಬೂದು ಮೋಡ, ಬಿಡದ ಸಣ್ಣ ಮಳೆ, ಒದ್ದೆ ಕಲ್ಲಿನ ಬೀದಿ. ನಾವು ಕಾದಿರಿಸಿದ್ದ ತಂಗುಮನೆಯ ಬಾಗಿಲು ಮುಚ್ಚಿತ್ತು. ಬಾಗಿಲು ತೆರೆಯುವ ಅಂಕೆಯನ್ನು ಮೇಲ್‌ನಲ್ಲಿ ಕಳಿಸುತ್ತೇವೆ ಎಂದಿದ್ದರು, ಅದು ಬಂದಿರಲಿಲ್ಲ. ಫೋನು ಎತ್ತುವವರಿಲ್ಲ.

ಕೊಪ್ಪೆ ಹಾಕಿಕೊಳ್ಳುವುದನ್ನು ನಾನು ಮರೆತಿರಲಿಲ್ಲ. ಕಂಬಳಿಯ ಒಂದು ಮೂಲೆಯನ್ನು ಒಳಕ್ಕೆ ಮಡಿಸಿ ತಲೆಗೆ ಸಿಕ್ಕಿಸಿದರೆ ಬೆನ್ನಿನ ಉದ್ದಕ್ಕೂ ಇಳಿಬೀಳುತ್ತದೆ. ಕುರಿ ಕಾಯುವವರು ಇಡೀ ಮಳೆಗಾಲ ಅದರೊಳಗೇ ಇರುತ್ತಾರೆ. ಆದರೆ ಕೊಪ್ಪೆ ಒಬ್ಬರಿಗೆ. ಬಿಚ್ಚಿ ಇಬ್ಬರ ತಲೆಯ ಮೇಲೂ ಹಿಡಿದು, ಗೋಡೆಗೆ ಒರಗಿ ಒಂದು ಗಂಟೆ ನಿಂತೆವು. ನೀರು ನೂಲಿನ ಮೇಲೆ ಮಣಿಮಣಿಯಾಗಿ ನಿಂತು ಜಾರಿ ಹೋಗುತ್ತಿತ್ತು, ಒಳಕ್ಕೆ ಇಳಿಯಲಿಲ್ಲ. ಒದ್ದೆಯಾದ ಕಂಬಳಿಯಿಂದ ಕುರಿಹಟ್ಟಿಯ ವಾಸನೆ ಎದ್ದಿತು. ಅದರ ಹಿಂದೆ, ತೀರ ತೆಳುವಾಗಿ, ಅಪ್ಪನ ಬೀಡಿಯ ವಾಸನೆ. ಇವರಿಗೆ ಹೇಳಿದೆ. ಇವರು ಏನೂ ಅನ್ನದೆ ನನ್ನ ಕಡೆ ಇನ್ನೊಂದಿಷ್ಟು ಕಂಬಳಿ ಸರಿಸಿದರು.

ಎದುರು ಮನೆಯ ಮುದುಕಿ ಕಿಟಕಿಯಿಂದ ನೋಡುತ್ತಿದ್ದವಳು ಇಳಿದು ಬಂದಳು. ತಂಗುಮನೆಯವರ ಇನ್ನೊಂದು ನಂಬರು ಅವಳ ಬಳಿ ಇತ್ತು. ಬಾಗಿಲು ತೆರೆಯಿತು. ಹೋಗುವಾಗ, ಐದು ಗಂಟೆಗೆ ಚರ್ಚಿಗೆ ಹೋಗುತ್ತೇನೆ, ಬರುವುದಾದರೆ ಬನ್ನಿ ಎಂದಳು.

ಹದಿನೈದನೇ ಶತಮಾನದ ಆ ಚರ್ಚು ಹಳೇ ಊರಿನ ನಡುವಿದೆ. ಅದರ ಮಗ್ಗುಲಲ್ಲೇ, 1477ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯದ ಹಳೇ ಕಟ್ಟಡಗಳು. ಮೋಗ್ಲಿಂಗರಿಗೆ 1858ರಲ್ಲಿ, ಕಿಟೆಲ್‌ಗೆ 1896ರಲ್ಲಿ, ಇಬ್ಬರಿಗೂ ಕನ್ನಡದ ಕೆಲಸಕ್ಕಾಗಿ ಗೌರವ ಡಾಕ್ಟರೇಟ್ ಕೊಟ್ಟ ವಿಶ್ವವಿದ್ಯಾಲಯವಿದು. ಒಳಗೆ ಕಾಲಿಡಲು ಜಾಗವಿಲ್ಲದಷ್ಟು ಜನ. ಮಾತೊಂದೂ ತಿಳಿಯಲಿಲ್ಲ. ಮಕ್ಕಳು ಕುರುಬರ ವೇಷ ಹಾಕಿ ಬಂದರು. ಮಗು ಹುಟ್ಟಿದ ಸುದ್ದಿ ಮೊದಲು ಮುಟ್ಟಿದ್ದು ರಾತ್ರಿ ಕುರಿ ಕಾಯುತ್ತಿದ್ದವರಿಗಲ್ಲವೇ! ಒಬ್ಬ ಹುಡುಗನ ಹೆಗಲ ಮೇಲೆ ಕಂದು ಬಣ್ಣದ ಹೊದಿಕೆ. ಅವನು ನನ್ನ ಕಂಬಳಿಯನ್ನು ನೋಡಿದ, ನಾನು ಅವನದನ್ನು ನೋಡಿದೆ. ಕೊನೆಯಲ್ಲಿ ದೀಪಗಳನ್ನೆಲ್ಲ ಆರಿಸಿ, ಮೋಂಬತ್ತಿಯ ಬೆಳಕಲ್ಲಿ ಎಲ್ಲರೂ ಎದ್ದು ನಿಂತು 'ಸೈಲೆಂಟ್ ನೈಟ್' ಹಾಡಿದರು. ಆಸ್ಟ್ರಿಯಾದ ಒಂದು ಸಣ್ಣ ಊರಲ್ಲಿ 1818ರ ಕ್ರಿಸ್‌ಮಸ್ ಹಿಂದಿನ ರಾತ್ರಿ ಮೊದಲ ಸಲ ಹಾಡಿದ ಹಾಡು. ರಾಗ ಗೊತ್ತಿತ್ತು. ಇವರು ಬಾಯಿ ಮುಚ್ಚಿಕೊಂಡೇ ಗುನುಗಿದರು.

ಹೊರಗೆ ಬಂದ ಮೇಲೆ ಮುದುಕಿ ನಮ್ಮನ್ನು ಒಂದು ಗಳಿಗೆ ಮನೆಗೆ ಕರೆದಳು. ಎಲ್ಲಿಯವರು ಎಂದು ಕೇಳಿದಳು. ದಾವಣಗೆರೆ, ಬೆಂಗಳೂರು ಅಂದರೆ ಮುಖದಲ್ಲಿ ಏನೂ ಆಗಲಿಲ್ಲ. ಮಂಗಳೂರು ಎಂದಾಗ ಕಣ್ಣರಳಿತು. ಅಜ್ಜಿ ಆ ಹೆಸರು ಹೇಳುತ್ತಿದ್ದಳು, ಮಿಷನ್ನಿಗೆ ಕಾಸು ಹಾಕುತ್ತಿದ್ದಳು ಎಂದಳು. ಬಾಸೆಲ್ ಮಿಷನ್ನಿನಲ್ಲಿ 1855ರಿಂದ ಅಂಥದೊಂದು ಪದ್ಧತಿ ಇತ್ತು. ಸ್ವಿಟ್ಜರ್‌ಲ್ಯಾಂಡಿನ, ಈ ವುರ್ಟೆಂಬರ್ಗ್ ಸೀಮೆಯ ಬಡ ಒಕ್ಕಲು ಮನೆಗಳಿಂದ ವಾರಕ್ಕೊಂದು ಸಣ್ಣ ನಾಣ್ಯ, ಅರ್ಧ ಬಾಟ್ಸೆನ್, ಕೂಡಿಸುವುದು. ಮಂಗಳೂರಿನ ಮುದ್ರಣಾಲಯಕ್ಕೆ, ನಿಘಂಟಿನ ಅಚ್ಚುಮೊಳೆಗಳಿಗೆ ಆ ಕಾಸಿನಲ್ಲಿ ಎಷ್ಟು ಪಾಲು ಸೇರಿತ್ತೋ ಎಂದು ನಾನು ಅವಳ ಕೈ ನೋಡಿದೆ. ನೆಲ ಅಗೆದ ಕೈಗಳು. ಅವ್ವನ ಕೈಯ ಹಾಗೆಯೇ ಗೆಣ್ಣು ದಪ್ಪ.

ಅವಳು ತಗಡಿನ ಡಬ್ಬಿ ತೆರೆದಳು. ಬೆಳ್ಳನೆ ಚೌಕದ ಬಿಸ್ಕತ್ತುಗಳು. ಒಂದೊಂದರ ಮೇಲೂ ಉಬ್ಬಿದ ಚಿತ್ರ: ಜಿಂಕೆ, ಹಕ್ಕಿ, ಹೂಬುಟ್ಟಿ, ಗೋಪುರ. ಅದರ ಹೆಸರು ಸ್ಪ್ರಿಂಗರ್ಲೆ. ಕೆತ್ತಿದ ಮರದ ಅಚ್ಚಿಗೆ ಹಿಟ್ಟು ಒತ್ತಿ, ಚಿತ್ರ ಕೆಡದಿರಲೆಂದು ರಾತ್ರಿಯಿಡೀ ಒಣಗಲು ಬಿಟ್ಟು, ಮರುದಿನ ಬೇಯಿಸುತ್ತಾರೆ. ಅಚ್ಚು ಅವಳ ಅಜ್ಜಿಯದು, ಪೇರ್ ಮರದ್ದು, ಅಂಚು ಸವೆದಿದೆ. ನಾನು ಅದನ್ನು ಕೈಗೆ ತೆಗೆದುಕೊಂಡೆ. ಇಂಥದು ನಮ್ಮ ಮನೆಯಲ್ಲೂ ಇದೆ. ಕಾರ್ತೀಕದ ಗೌರಿ ಹುಣ್ಣಿಮೆಗೆ ಸಕ್ಕರೆ ಪಾಕ ಎರೆದು ಆನೆ, ಗಿಳಿ, ತೇರು, ಬಸವಣ್ಣ ಮಾಡುವ ಜೋಡು ಮರದಚ್ಚು. ಆ ಸಕ್ಕರೆ ಗೊಂಬೆಗಳನ್ನು ತಟ್ಟೆಯಲ್ಲಿಟ್ಟು, ದೀಪ ಹಚ್ಚಿ, ಹೊಸ ಲಂಗ ಉಟ್ಟ ಹುಡುಗಿಯರು ಗೌರಿಗೆ ಆರತಿ ಬೆಳಗಲು ಬೀದಿಯುದ್ದ ಸಾಲು ಹೋಗುವ ಸಂಜೆ ನೋಡಬೇಕು! ಹುಬ್ಬಳ್ಳಿಯ ಕಡೆ, ನಮ್ಮ ದಾವಣಗೆರೆ ಕಡೆ ಅದಿಲ್ಲದೆ ಹುಣ್ಣಿಮೆ ಇಲ್ಲ. ಮುದುಕಿಗೆ ಫೋನಿನಲ್ಲಿದ್ದ ಫೋಟೋ ತೋರಿಸಿದೆ. ಹಿಂದಿನ ತಿಂಗಳಷ್ಟೇ ನನ್ನ ಅಣ್ಣನ ಮಗಳು ಹಿಡಿದಿದ್ದ ಆರತಿ. ಅವಳು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಗಿಳಿಯನ್ನು ನೋಡಿದಳು. ಸ್ಪ್ರಿಂಗರ್ಲೆಯನ್ನು ಕಚ್ಚಿದರೆ ಗಟ್ಟಿ, ಬಾಯಲ್ಲಿ ನಿಧಾನ ಕರಗಿ ತಳದಿಂದ ಸೋಂಪಿನ ಘಮ. ನಾವು ಶೇಂಗಾ ಚಟ್ನಿಪುಡಿಯ ಒಂದು ಪೊಟ್ಟಣ ಕೊಟ್ಟು, ಸ್ವಲ್ಪವೇ ಹಾಕಿಕೊಳ್ಳಿ ಎಂದು ಮೂರು ಸಲ ಹೇಳಿದೆವು.

ರಾತ್ರಿಯೂಟಕ್ಕೆ ಬುತ್ತಿ ಬಿಚ್ಚಿದೆವು. ಆ ಮೂರು ದಿನ ನಮ್ಮನ್ನು ಕಾಪಾಡಿದ್ದು ಅದೇ, ಸ್ಟೇಷನ್ನಿನಲ್ಲಿ ಸಿಕ್ಕ ಮೊಸರಿನ ಜೊತೆ. ಇವರು ರೊಟ್ಟಿ ಮುರಿಯುತ್ತ ಕೈ ನಿಲ್ಲಿಸಿ ಕೂತರು. ಏನು ಎಂದೆ. "ಅವರು ಇದನ್ನ ಮೂವತ್ತು ಸಲಕ್ಕೂ ಹೆಚ್ಚು ಮಾಡಿದ್ದಾರಲ್ಲ" ಎಂದರು.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಕಿಟೆಲ್ 21 ವರ್ಷದ ಹುಡುಗನಾಗಿ 1853ರಲ್ಲಿ ನಮ್ಮ ನಾಡಿಗೆ ಬಂದರು. ನಡುವೆ ಊರಿಗೆ ಹೋಗಿದ್ದು ಬಿಟ್ಟರೆ 1892ರವರೆಗೆ ಧಾರವಾಡ, ಮಂಗಳೂರು, ಮಡಿಕೇರಿ ಎಂದು ಇಲ್ಲಿಯೇ ಇದ್ದರು. ನಾವು ಪರದೇಶದಲ್ಲಿ ಕ್ರಿಸ್‌ಮಸ್ ಕಳೆಯುತ್ತಿದ್ದೇವೆ ಎಂದು ಬೀಗುತ್ತಿದ್ದೆವು. ನಿಜವಾಗಿ ಪರದೇಶದಲ್ಲಿ ಕ್ರಿಸ್‌ಮಸ್ ಕಳೆದವರು ಅವರು. ಅವರ ಪರದೇಶ ನಮ್ಮ ಊರು. ಈ ಗಂಟೆಯ ಸದ್ದು, ಈ ಸೋಂಪಿನ ಬಿಸ್ಕತ್ತು, ದೀಪ ಆರಿಸಿ ಹಾಡುವ ಈ ಹಾಡು ಇಲ್ಲದ ಕಡೆ, ಡಿಸೆಂಬರ್‌ನ ಧಾರವಾಡದ ಒಣಬಿಸಿಲಿನಲ್ಲಿ, ಸುತ್ತಲಿನ ಯಾರಿಗೂ ಅವತ್ತು ಹಬ್ಬವೆಂದು ಗೊತ್ತಿಲ್ಲದ ಬೀದಿಯಲ್ಲಿ. ಆ ಹಬ್ಬದ ಮಗುವಿನ ಕಥೆಯನ್ನು ನಮಗೆ ತಿಳಿಯುವಂತೆ ಹೇಳಬೇಕೆಂದು 1862ರಲ್ಲಿ ಕನ್ನಡದ ಛಂದಸ್ಸಿನಲ್ಲಿ 'ಕಥಾಮಾಲೆ' ಬರೆದರು. ಅವರು ಬಂದದ್ದು ಮತಪ್ರಚಾರಕ್ಕೆ, ಅದನ್ನು ಮರೆಮಾಚಬೇಕಿಲ್ಲ. ಆ ಕೆಲಸದಲ್ಲಿ ಅವರಿಗೆ ಹೆಚ್ಚಿನ ಯಶಸ್ಸು ಸಿಗಲಿಲ್ಲ. ಆದರೆ ಹೊಲ, ಸಂತೆ, ಮಗ್ಗ, ಅಡುಗೆಮನೆಯ ಮಾತು ಕೇಳಿ ಕೇಳಿ ಬರೆದಿಟ್ಟುಕೊಂಡದ್ದು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಗಿ ಬಂದಾಗ ಸಾವಿರದ ಏಳುನೂರಕ್ಕೂ ಹೆಚ್ಚು ಪುಟವಾಗಿತ್ತು, ಎಪ್ಪತ್ತು ಸಾವಿರದಷ್ಟು ಪದ. ಗಾದೆಗಳೆಷ್ಟೋ. ಸ್ವಂತ ಊರಲ್ಲಿದ್ದವರಿಗೆ 'ಬುತ್ತಿ' ಎಂಬ ಪದ ಬರೆದಿಡಬೇಕು ಅನ್ನಿಸುವುದಿಲ್ಲ. ಅದು ಕೈಯಲ್ಲಿರುತ್ತದೆ, ತಿನ್ನುತ್ತೇವೆ. ದೂರದಿಂದ ಬಂದು, ಯಾರದೋ ಬುತ್ತಿ ಹಂಚಿಕೊಂಡು ಉಂಡವನಿಗೆ ಅದರ ಹೆಸರು ಬೇಕಾಗುತ್ತದೆ.

25ರ ಬೆಳಿಗ್ಗೆಯೂ ಮಳೆ ಬಿಟ್ಟಿರಲಿಲ್ಲ. ನೆಕ್ಕರ್ ನದಿಯ ನಡುಗಡ್ಡೆಯ ಸಾಲುಮರಗಳ ಕೆಳಗೆ ನಡೆದೆವು. ಎದುರು ದಡದಲ್ಲಿ ಕವಿ ಹೋಲ್ಡರ್ಲಿನ್ ಅರ್ಧ ಆಯುಷ್ಯ ಕಳೆದ ಹಳದಿ ಗೋಪುರ. ಊರಿನ ಒಳಗೆ, ಹರ್ಮನ್ ಹೆಸ್ಸೆ 1895ರಿಂದ ಕೆಲಸ ಕಲಿತ ಪುಸ್ತಕದಂಗಡಿ. ಹೆಸ್ಸೆಯ ತಾಯಿ ಹುಟ್ಟಿದ್ದು ತಲಚೇರಿಯಲ್ಲಿ. ಅಜ್ಜ ಗುಂಡರ್ಟ್ 1872ರಲ್ಲಿ ಮಲಯಾಳಕ್ಕೆ ನಿಘಂಟು ಕೊಟ್ಟವರು. ಇಪ್ಪತ್ತು ದಾಟದ ಆ ಹುಡುಗನೂ ಅರವತ್ತು ದಾಟಿದ ಕಿಟೆಲ್‌ರೂ ಒಂದೇ ಊರಲ್ಲಿದ್ದರಲ್ಲ, ಎಂದಾದರೂ ಒಂದೇ ಮಳೆಯಲ್ಲಿ ಈ ಸೇತುವೆ ದಾಟಿದರೇ ಎಂದು ಇವರು ಬಹಳ ಹೊತ್ತು ಮಾತಾಡಿದರು. ನಾನು ನದಿ ನೋಡುತ್ತಿದ್ದೆ. ಕೆಂಪು ನೀರು, ದಡದ ಹುಲ್ಲನ್ನು ನೆಕ್ಕುತ್ತಿತ್ತು. ತಂಗುಮನೆಯ ಟಿವಿಯಲ್ಲಿ ಉತ್ತರ ಜರ್ಮನಿಯ ನೆರೆ ತೋರಿಸುತ್ತಿದ್ದರು. ಲೋವರ್ ಸ್ಯಾಕ್ಸನಿಯಲ್ಲಿ ನೀರು ಮನೆಗಳಿಗೆ ನುಗ್ಗಿತ್ತು, ಮರಳಿನ ಚೀಲ ಜೋಡಿಸುತ್ತಿದ್ದರು. ಕಿಟೆಲ್ ಹುಟ್ಟಿದ ರೆಸ್ಟರ್‌ಹಾಫೆ ಅದೇ ಸೀಮೆಯ ಕಡಲಂಚಿನ ಹಳ್ಳಿ. ಹಬ್ಬದ ದಿನ ಮನೆ ಬಿಟ್ಟು ಹೊರಟವರ ಮುಖಗಳನ್ನು ನೋಡಲಾಗಲಿಲ್ಲ. ಅತ್ತ ಅಷ್ಟು ನೀರು. ಇತ್ತ ನಮ್ಮ ಹೊಲ.

ಮಧ್ಯಾಹ್ನ ಹನ್ನೆರಡಕ್ಕೆ ಅವ್ವನಿಗೆ ಫೋನು ಮಾಡಿದೆ. ಸೊಕ್ಕೆಯಲ್ಲಿ ಸಂಜೆ ನಾಲ್ಕೂವರೆ. ದನಕ್ಕೆ ಮೇವು ಹಾಕುತ್ತಿದ್ದಳು, ದುಡ್ಡು ಕೊಟ್ಟು ತಂದ ಮೇವು. ಬೋರ್‌ವೆಲ್ ಅರ್ಧ ಗಂಟೆ ನೀರು ಕೊಟ್ಟು ನಿಲ್ಲುತ್ತದೆ ಎಂದಳು. ರೊಟ್ಟಿ ಉಳಿದಾವಾ ಎಂದಳು. ಕಂಬಳಿ ಹೊದ್ದೆಯಾ ಎಂದಳು. ಹೊದ್ದೆ, ಇಬ್ಬರೂ ಹೊದ್ದೆವು ಎಂದೆ. ಆಮೇಲೆ ಮಾತಿನ ನಡುವೆ ಸುಮ್ಮನಾದಳು.

"ಅದೇನು ಸಪ್ಪಳ?"

"ಮಳಿ ಅವ್ವ."

"ಜಡಿ ಹಿಡಿದೈತೇನು?"

"ಹೂಂ. ನಿನ್ನೆಯಿಂದ ಬಿಟ್ಟಿಲ್ಲ."

"ಫೋನು ಹೊರಗ ಹಿಡಿ."

ಕಿಟಕಿ ತೆರೆದು ಕೈ ಚಾಚಿದೆ. ಹಂಚಿನ ಮೇಲೆ, ತಗಡಿನ ದೋಣಿಯಲ್ಲಿ, ಕೆಳಗಿನ ಕಲ್ಲುಹಾಸಿನ ಮೇಲೆ ಬೇರೆ ಬೇರೆ ಸದ್ದಾಗಿ ಬೀಳುತ್ತಿತ್ತು ಮಳೆ. ಇವರು ತಮ್ಮ ಫೋನಿನಲ್ಲಿ ಕಿಟೆಲ್ ತೆರೆದು, ಜಕಾರಕ್ಕೆ ಹೋಗಿ, ಬೆರಳಿಟ್ಟು ನನಗೆ ತೋರಿಸಿದರು. ಜಡಿ. ಎಡೆಬಿಡದೆ ಸುರಿಯುವ ಮಳೆ. ಇತ್ತು.

ನನ್ನ ತೋಳು ನೆನೆದು ನೀರು ಮೊಣಕೈವರೆಗೆ ಇಳಿಯಿತು. ಕೈ ಒಳಗೆ ತೆಗೆದು, ಕೇಳಿಸಿತಾ ಅವ್ವ ಎಂದೆ.

"ಇನ್ನೊಂದಿಷ್ಟೊತ್ತು ಹಂಗೇ ಹಿಡಿ" ಎಂದಳು.